ಯಾರ್ರೀ ಇಳಿಯೋರು?

ಜನವರಿ ೮

ತಮ್ಮಾ,

ಈ ಪತ್ರ ಮನೆಗೆ ಬರದೆ ನೀನು ಕೆಲಸ ಮಾಡುವ ರಬ್ಬರ್ ಮೊಹರಿನ ಅಂಗಡಿಗೆ ಬಂದಿದೆ ಎಂದರೆ ಅದಕ್ಕೊಂದು ಕಾರಣವಿದೆ. ಫೋನು ಬೇಡ. ಫೋನಿನಲ್ಲಿ ನಿನ್ನ ಪಿಸುಮಾತು ಮೂರನೇ ಮನೆಗೆ ಕೇಳಿಸುತ್ತದೆ. ಮೆಸೇಜು ಕಳಿಸಿದರೆ ಅದನ್ನು ನಿನಗಿಂತ ಮೊದಲು ಅಮ್ಮ ಓದುತ್ತಾಳೆ. ಸ್ವಂತ ಕನ್ನಡಕ ಸಿಗದವಳಿಗೆ ನಿನ್ನ ಫೋನು ಮಾತ್ರ ಹೇಗೋ ಸಿಗುತ್ತದೆ.

ವಿಷಯ ಇಷ್ಟು. ನಾಲ್ಕು ಮಂಗಳವಾರಗಳಿಂದ ಅಮ್ಮನ ಫೋನು ಬೆಳಿಗ್ಗೆಯಿಂದ ಸಂಜೆಯವರೆಗೆ ಆಫ್. ಪಕ್ಕದ ಮನೆಯ ಟೈಲರಮ್ಮನನ್ನು ಕೇಳಿದರೆ, "ಅವ್ರು ಮೊದಲನೇ ಬಸ್ಸಿಗೇ ಹೋದ್ರಲ್ಲ, ಕ್ಯಾನ್ವಾಸ್ ಶೂ ಹಾಕ್ಕೊಂಡು" ಎಂದಳು. ಮಾರನೆಯ ದಿನ ಅಮ್ಮನನ್ನೇ ಕೇಳಿದೆ. "ಮನೇಲೇ ಇದ್ನಲ್ಲ, ಬಟ್ಟೆ ಒಗೀತಿದ್ದೆ" ಎಂದಳು. ನಮ್ಮ ಅಮ್ಮ! ಟಿಕೆಟ್ ಇಲ್ಲದೆ ಹತ್ತಿದ ಸ್ವಂತ ತಮ್ಮನನ್ನು ನಡುದಾರಿಯಲ್ಲಿ ಇಳಿಸಿದ ಅಮ್ಮ ಸುಳ್ಳು ಹೇಳಿದಳು. ಅದೂ ಇಷ್ಟು ಸರಾಗವಾಗಿ.

ಇಪ್ಪತ್ತೊಂಬತ್ತು ವರ್ಷ ಕಡಲ ದಾರಿಯ ಬಸ್ಸಿನಲ್ಲಿ ಕಂಡಕ್ಟರಾಗಿ ನಿಂತವಳು, ನಿವೃತ್ತಿಯಾಗಿ ಎರಡು ತಿಂಗಳೂ ಆಗಿಲ್ಲ, ಮತ್ತೆ ಅದೇ ಬಸ್ಸು ಹತ್ತುತ್ತಾಳೆ. ಯಾಕೆ? ಶೂ ಯಾಕೆ? ಸುಳ್ಳು ಯಾಕೆ?

ಇಲ್ಲಿಗೆ ಬಂದು ನನ್ನ ಜೊತೆ ಇರು ಎಂದು ಮೂರು ಸಲ ಹೇಳಿದ್ದೇನೆ. "ನೋಡೋಣ" ಎನ್ನುತ್ತಾಳೆ. ನನಗೇನೂ ಅವಳಿಂದ ಆಗಬೇಕಾದದ್ದಿಲ್ಲ, ನಾನು ಚೆನ್ನಾಗಿದ್ದೇನೆ. ಅವಳ ಒಳ್ಳೆಯದಕ್ಕೇ ಹೇಳಿದ್ದು.

ಬರುವ ಮಂಗಳವಾರ ರಜೆ ಹಾಕಿ ಅವಳ ಹಿಂದೆ ಹೋಗು. ಕಂಡದ್ದನ್ನು ಕಂಡ ಹಾಗೆ ಬರೆ. ಕೋತಿಚೇಷ್ಟೆ ಬೇಡ.

ಅಕ್ಕ

*

ಜನವರಿ ೧೪

ಗೆ: ಮಾನ್ಯ ಅಕ್ಕನವರು, ರಕ್ತ ಪರೀಕ್ಷಾ ಪ್ರಯೋಗಾಲಯ
ಇಂದ: ಮಾತೃ ಚಲನವಲನ ಇಲಾಖೆ (ಒಟ್ಟು ಸಿಬ್ಬಂದಿ: ಒಬ್ಬ)
ವಿಷಯ: ಮಂಗಳವಾರದ ನಿಗೂಢ ಪ್ರಯಾಣದ ಬಗ್ಗೆ ವರದಿ

ಮಾನ್ಯರೇ,

ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಇಲಾಖೆಯು ತನ್ನ ಸ್ಥಾಪನೆಯ ದಿನವೇ 'ಅತಿ ಗೋಪ್ಯ' ಎಂಬ ಮೊಹರನ್ನು ತಯಾರಿಸಿಕೊಂಡಿದೆ. ಮೇಲ್ಗಡೆ ಎಡಮೂಲೆಯಲ್ಲಿ ನೋಡುವುದು. ರಬ್ಬರು ನಮ್ಮ ಯಜಮಾನರದು, ಕೆತ್ತನೆ ನನ್ನದು.

ವೇಷದ ಬಗ್ಗೆ. ಯಜಮಾನರ ಹಳೆಯ ಕೋಟು, ಟೋಪಿ, ಜೊತೆಗೆ ಮೀಸೆ. ಮೀಸೆಯನ್ನು ಸ್ಟಾಂಪ್ ಪ್ಯಾಡಿನ ಶಾಯಿಯಿಂದ ಬರೆದುಕೊಂಡೆ. ಆ ಶಾಯಿ ನೇರಳೆ ಬಣ್ಣದ್ದೆಂದೂ ಮೂರು ದಿನ ಹೋಗುವುದಿಲ್ಲವೆಂದೂ ಇಲಾಖೆಗೆ ತಡವಾಗಿ ಹೊಳೆಯಿತು. "ಅಂಗಡಿಯಲ್ಲಿ ಪ್ಯಾಡು ಮುಖಕ್ಕೆ ಬಿತ್ತು" ಎಂದು ಅಮ್ಮನಿಗೆ ಹೇಳಿದ್ದೇನೆ. ನಂಬಿದಳು. "ಪಾಪ, ನೇರವಾಗಿ ಮೂಗಿನ ಕೆಳಗೇ ಬಿತ್ತಾ?" ಎಂದಳು ಅಷ್ಟೆ.

ಇನ್ನು ಕಂಡದ್ದು. ಅಮ್ಮ ಮೊದಲ ಬಸ್ಸಿಗೆ ದಿನದ ಪಾಸು ಪಡೆದು, ತನ್ನ ಹಳೆಯ ಕಂಡಕ್ಟರ್ ಸೀಟನ್ನು ದೂರದಿಂದ ಒಮ್ಮೆ ನೋಡಿ, ಕಡಲಿನ ಬದಿಯ ಕಿಟಕಿಗೆ ಕುಳಿತಳು. ನಾನು ಕೊನೆಯ ಸೀಟಿನಲ್ಲಿ ಮೀನಿನ ಬುಟ್ಟಿಯೊಂದರ ಹಿಂದೆ. ಎಂಟನೇ ಸ್ಟಾಪು ಉಪ್ಪಿನ ಗೋದಾಮು. ಬಸ್ಸು ನಿಂತಿತು. ಹೊಸ ಕಂಡಕ್ಟರ್ ಬಾಯಿ ತೆರೆಯುವ ಮೊದಲೇ ಅಮ್ಮ ತನ್ನಷ್ಟಕ್ಕೆ, "ಯಾರ್ರೀ ಇಳಿಯೋರು?" ಎಂದಳು. ಆಮೇಲೆ ತಾನೇ, "ನಾನೇ" ಎಂದು ಉತ್ತರ ಕೊಟ್ಟು ಇಳಿದಳು.

ಅಕ್ಕಾ, ನಿಜ ಹೇಳುತ್ತೇನೆ, ಅದನ್ನು ಕೇಳಿ ನನಗೆ ನಗು ಬರಲಿಲ್ಲ. ಇದನ್ನು ಕಡತದಿಂದ ತೆಗೆದುಹಾಕತಕ್ಕದ್ದು.

ಇಳಿದವಳು ಗೋದಾಮಿನ ಗೋಡೆಯನ್ನು ಒಂದು ಸುತ್ತು ಹಾಕಿ, ಮರಳಿಗಿಳಿದು, ನೀರಿನ ಅಂಚಿನಲ್ಲೇ ಒಂಬತ್ತನೇ ಸ್ಟಾಪಿನವರೆಗೆ ನಡೆದಳು. ದಾರಿಯಲ್ಲಿ ಎರಡು ಸಲ ಕುಳಿತಳು. ಚೀಲದಿಂದ ಚಿಕ್ಕ ಪುಸ್ತಕ ತೆಗೆದು ಏನೋ ಬರೆದಳು. ಒಂಬತ್ತರಲ್ಲಿ ಬಸ್ಸು ಹಿಡಿದು ಮನೆಗೆ ಬಂದಳು. ಯಾರನ್ನೂ ಭೇಟಿಯಾಗಲಿಲ್ಲ, ಒಂದು ನಾಯಿಯನ್ನು ಬಿಟ್ಟರೆ. ನಾಯಿಯ ವಿಚಾರಣೆ ಬಾಕಿ ಇದೆ.

ತಮ್ಮ ವಿಧೇಯ,
ಇಲಾಖಾ ಮುಖ್ಯಸ್ಥ ಹಾಗೂ ಜವಾನ

*

ಜನವರಿ ೧೯

ತಮ್ಮಾ,

ಕೋತಿಚೇಷ್ಟೆ ಬೇಡ ಎಂದರೆ ನೀನು ಕೋತಿಗೆ ಇಲಾಖೆಯನ್ನೇ ತೆರೆದಿದ್ದೀಯ.

ಪುಸ್ತಕದಲ್ಲಿ ಏನಿದೆ? ಅದನ್ನು ನೋಡದೆ ಬರೆದ ವರದಿ ಸ್ಲೈಡಿಗೆ ರಕ್ತ ಹಾಕದೆ ಕೊಟ್ಟ ರಿಪೋರ್ಟಿನ ಹಾಗೆ. ಅವಳು ಸ್ನಾನಕ್ಕೆ ಹೋದಾಗ ಚೀಲ ತೆರೆ.

ಯೋಚಿಸು. ಅಮ್ಮ ಕೆಲಸದಲ್ಲಿದ್ದಾಗ ನಡುದಾರಿಯ ಸ್ಟಾಪಿನಲ್ಲಿ ಇಳಿದದ್ದು ಒಂದೇ ಸಲ. ಇವಳು ಸೀಟಿ ಊದುವ ಮೊದಲೇ ಆ ಕುಡುಕ ಡ್ರೈವರ್ ಬಸ್ಸು ಎತ್ತಿಕೊಂಡು ಹೋಗಿ ಇವಳನ್ನು ದಾರಿಯಲ್ಲಿ ಬಿಟ್ಟಾಗ. ನಿನಗೆ ಆಗ ಏಳು ವರ್ಷ, ನೀನು ಬಸ್ಸಿನಲ್ಲೇ ಇದ್ದೆ, ನೆನಪಿರಬೇಕು. ಹದಿನಾಲ್ಕನೇ ಸ್ಟಾಪು, ಮುರಿದ ಜೆಟ್ಟಿ. ಅದಾದ ಮೇಲೆ ಅವಳು ಕಡಲಿನ ಮಾತೇ ಆಡುತ್ತಿರಲಿಲ್ಲ. ಈಗ ಒಂದೊಂದೇ ಸ್ಟಾಪು ಇಳಿಯುತ್ತಾ ಎಲ್ಲಿಗೆ ಹೊರಟಿದ್ದಾಳೆ? ಯಾರನ್ನೋ ಹುಡುಕುತ್ತಿದ್ದಾಳೆ. ಇಲ್ಲವೇ ಯಾರೋ ಕಾಯುತ್ತಿದ್ದಾರೆ.

ಅಕ್ಕ

*

ಜನವರಿ ೨೮

ಮಾನ್ಯರೇ,

ವರದಿ ಸಂಖ್ಯೆ ಎರಡು. ಓದುವ ಮೊದಲು ಕುಳಿತುಕೊಳ್ಳತಕ್ಕದ್ದು.

ಮೊದಲು ಪುಸ್ತಕ. ಅಮ್ಮ ಸ್ನಾನಕ್ಕೆ ಹೋದ ಹತ್ತು ನಿಮಿಷದಲ್ಲಿ ಚೀಲದ ಪರಿಶೀಲನೆ ನಡೆಯಿತು. ಪಾಸು, ನೀರಿನ ಬಾಟಲಿ, ತುಂಡು ಪೆನ್ಸಿಲು, ಹಳೆಯ ಸೀಟಿ. ಪುಸ್ತಕದಲ್ಲಿ ಒಂದರಿಂದ ಮೂವತ್ತೊಂದರವರೆಗೆ ಅಂಕಿ ಹಾಕಿದೆ. ಕಡಲ ದಾರಿಗೆ ಮೂವತ್ತೊಂದು ಸ್ಟಾಪು. ಹನ್ನೊಂದರವರೆಗಿನ ಅಂಕಿಗಳ ಮುಂದೆ ಬರಹ ಇದೆ. ಮಾದರಿಗೆ:

"೩. ಇಳಿದೆ. ಶಾಲೆ ಗಂಟೆ ಇಲ್ಲಿಂದ ಕೇಳೋದು. ಇಷ್ಟು ವರ್ಷ ಎಲ್ಲಿಂದ ಅಂತ ಗೊತ್ತಿರಲಿಲ್ಲ."
"೬. ಇಳಿದೆ. ದಿನಾ ಎರಡು ಕೊಡ ಹಿಡ್ಕೊಂಡು ಹತ್ತುತ್ತಿದ್ದ ಹೆಂಗಸಿನ ಬಾವಿ ನೋಡಿದೆ. ಬಹಳ ದೂರ ಇದೆ. ಸುಮ್ಮನೆ ರೇಗುತ್ತಿದ್ದೆ ಅವಳ ಮೇಲೆ."
"೧೧. ಇಳಿದೆ. ಸಿಕ್ಕರು."

ಸಿಕ್ಕರು! ಯಾರು ಸಿಕ್ಕರು? ಇದಕ್ಕೆ ಉತ್ತರ ನಿನ್ನೆ ಮಂಗಳವಾರ ದೊರೆಯಿತು. ಹನ್ನೊಂದನೇ ಸ್ಟಾಪು ಐಸ್ ಕಾರ್ಖಾನೆ. ಬಸ್ಸು ಅಲ್ಲಿ ನಿಂತಾಗ ಒಬ್ಬ ಗಂಡಸು ಹತ್ತಿದ. ಅರವತ್ತು ದಾಟಿರಬೇಕು. ಬಿಸಿಲಲ್ಲೂ ಕುತ್ತಿಗೆಗೆ ಉಣ್ಣೆಯ ಮಫ್ಲರು. ಒಂದು ಕಾಲು ಸ್ವಲ್ಪ ಎಳೆಯುತ್ತದೆ. ಅಮ್ಮನ ಪಕ್ಕದ ಸೀಟು ಖಾಲಿ ಇದ್ದರೂ ಕುಳಿತುಕೊಳ್ಳದೆ ಅವಳ ಮುಂದಿನ ಸೀಟಿನಲ್ಲಿ ಕುಳಿತ. ಇಬ್ಬರೂ ಮಾತಾಡಲಿಲ್ಲ. ಹನ್ನೆರಡರಲ್ಲಿ ಇಬ್ಬರೂ ಇಳಿದರು! ಹದಿಮೂರರವರೆಗೆ ಜೊತೆಯಲ್ಲಿ ನಡೆದರು. ಆತ ಹತ್ತು ಹೆಜ್ಜೆ ಮುಂದೆ, ಅಮ್ಮ ಹಿಂದೆ. ಆತ ಒಮ್ಮೆಯೂ ತಿರುಗಿ ನೋಡಲಿಲ್ಲ. ಆದರೆ ಅಮ್ಮ ನಿಂತಾಗ ಆತನೂ ನಿಲ್ಲುತ್ತಿದ್ದ, ಅಮ್ಮ ಹೊರಟಾಗ ಹೊರಡುತ್ತಿದ್ದ. ಬೆನ್ನಿಗೆ ಕಣ್ಣಿದ್ದ ಹಾಗೆ.

ಇದು ಪ್ರೇಮವೋ ಕಳ್ಳಸಾಗಣೆಯೋ ಎಂಬ ಬಗ್ಗೆ ಇಲಾಖೆಯಲ್ಲಿ ಭಿನ್ನಾಭಿಪ್ರಾಯವಿದೆ.

ಮುಂದಿನ ವಾರದ್ದು ಹದಿನಾಲ್ಕನೇ ಸ್ಟಾಪು. ಅಂದು ಇಲಾಖೆಗೆ ಹೊಟ್ಟೆನೋವು ಬರುವ ಸಂಭವವಿದೆ.

ಜವಾನ

*

ಫೆಬ್ರವರಿ ೪

ತಮ್ಮಾ,

ನಗಬೇಡ. ನನಗೆ ನಗು ಬರುತ್ತಿಲ್ಲ.

ಯಾರವನು? ಹೆಸರಿಲ್ಲವೇ, ಮನೆಯಿಲ್ಲವೇ, ಹೆಂಡತಿ ಮಕ್ಕಳಿಲ್ಲವೇ? ಅಪ್ಪ ಹೋಗಿ ಹದಿನೆಂಟು ವರ್ಷ ಆಯಿತು, ಒಂದು ದಿನ ಅಮ್ಮ ಬೇರೆ ಗಂಡಸಿನ ಜೊತೆ ಹತ್ತು ಹೆಜ್ಜೆ ನಡೆದವಳಲ್ಲ. ಹತ್ತು ಹೆಜ್ಜೆ ಹಿಂದೆಯೂ ನಡೆದವಳಲ್ಲ. ಅವಳ ಪಿಂಚಣಿಯ ಕಾಗದ, ಮನೆಯ ಬೀಗದ ಕೈ ಎಲ್ಲಿವೆ ನೋಡಿಕೋ. ವಯಸ್ಸಾದವರನ್ನು ಹೀಗೆ ಮಾತಿಗೆ ಎಳೆದು ಬಲೆಗೆ ಹಾಕುವವರನ್ನು ನಮ್ಮ ಆಸ್ಪತ್ರೆಯಲ್ಲಿ ದಿನಾ ನೋಡುತ್ತೇನೆ. ನೋಡುತ್ತಿದ್ದೆ.

ಇದಕ್ಕೆ ಒಂದೇ ದಾರಿ. ಮಾರ್ಚ್ ಮುಗಿಯುವುದರೊಳಗೆ ಅವಳು ಇಲ್ಲಿರಬೇಕು. ಅದಕ್ಕೆ ಏನು ಮಾಡಬೇಕೋ ನಾನು ಮಾಡುತ್ತೇನೆ.

ಪೆನ್ಸಿಲಿನಲ್ಲಿ ಬರೆದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಪೆನ್ನು ಕೈಗೆ ಸಿಗಲಿಲ್ಲ.

ಅಕ್ಕ

*

ಫೆಬ್ರವರಿ ೧೪

ಅಕ್ಕಾ,

ಈ ಸಲ ಮೊಹರಿಲ್ಲ.

ಸೋಮವಾರ ಸಂಜೆ ಮನೆಯ ಓನರ್ ಬಂದಿದ್ದರು. ಕೈಯಲ್ಲಿ ಟೇಪು. ಅಡುಗೆಮನೆಯ ಕಿಟಕಿ ಅಳೆದರು, ಬಾಗಿಲು ಅಳೆದರು, ನಾನು ಕುಳಿತಿದ್ದ ಮಂಚವನ್ನು ನನ್ನ ಸಮೇತ ಅಳೆದರು. "ಏನು ಸಾರ್, ನಂಗೆ ಹೊಸ ಪ್ಯಾಂಟು ಹೊಲಿಸ್ತೀರಾ?" ಎಂದೆ. "ನಿಮ್ಮಕ್ಕ ಹೇಳಿಲ್ವೇನಪ್ಪಾ? ಏಪ್ರಿಲ್ ಒಂದಕ್ಕೆ ಮನೆ ಖಾಲಿ ಮಾಡ್ತೀವಿ ಅಂತ ಬರೆದಿದಾರೆ. ಕರಾರು ಅವ್ರ ಹೆಸ್ರಲ್ಲೇ ಇದೆಯಲ್ಲ" ಎಂದರು.

ಅಮ್ಮ ಒಳಗೆ ಸೊಪ್ಪು ಬಿಡಿಸುತ್ತಿದ್ದಳು. ಎಲ್ಲ ಕೇಳಿಸಿತು. "ಹೌದಾ" ಎಂದಳು. ಅಷ್ಟೇ. ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಆದರೆ ಎಲೆಗಳನ್ನು ಬುಟ್ಟಿಗೆ ಎಸೆದು ದಂಟುಗಳನ್ನು ಪಾತ್ರೆಗೆ ಹಾಕಿದ್ದಳು.

ಮೂರು ಜನರ ಮನೆಯನ್ನು ನೀನೊಬ್ಬಳೇ ಒಂದು ಕಾಗದದಲ್ಲಿ ಖಾಲಿ ಮಾಡಿಸಿದೆಯಲ್ಲ. ನಾನೆಲ್ಲಿ ಮಲಗಬೇಕು, ಮೊಹರಿನ ಅಂಗಡಿಯ ಅಟ್ಟದಲ್ಲೇ? ಅದಿರಲಿ. ಅಮ್ಮನ ಮೇಲೆ ಕಣ್ಣಿಡು ಎಂದು ನನ್ನನ್ನು ಕಳಿಸಿ ನೀನು ಹಿಂದಿನ ಬಾಗಿಲಲ್ಲಿ ಏನು ಮಾಡುತ್ತಿದ್ದೆ ಎಂದು ಈಗ ಗೊತ್ತಾಯಿತು. ನಾನು ತಪ್ಪು ಮನುಷ್ಯರನ್ನು ಹಿಂಬಾಲಿಸಿದೆ. ನಿನ್ನನ್ನು ಹಿಂಬಾಲಿಸಬೇಕಿತ್ತು.

ನೀನು ಕೇಳದಿದ್ದರೂ ಹೇಳುತ್ತೇನೆ. ಹದಿನಾಲ್ಕನೇ ಸ್ಟಾಪಿಗೆ ನಾನು ಹೋಗಲಿಲ್ಲ. ಹೊಟ್ಟೆನೋವು. ಮೊದಲು ಮಂಗಳವಾರ ಮಾತ್ರ ಹೋಗುತ್ತಿದ್ದವಳು ಈ ವಾರ ಮಂಗಳವಾರವೂ ಹೋದಳು, ನಿನ್ನೆ ಶುಕ್ರವಾರವೂ ಹೋದಳು. ಮಫ್ಲರಿನವನೂ ಹೋದ. ಹತ್ತೊಂಬತ್ತು ಮುಗಿಯಿತು.

ಪೆನ್ನು ಕೊಳ್ಳಲು ಭಾವನ ಅಪ್ಪಣೆ ಬೇಕೇ? ನಿನ್ನ ಅಕ್ಷರ ಇರುವೆ ಬಿದ್ದು ಒದ್ದಾಡಿದ ಹಾಗಿದೆ. ತಪ್ಪು ಮಾಡಿದವರ ಕೈ ನಡುಗುತ್ತದೆ ಎನ್ನುತ್ತಾರೆ ನಮ್ಮ ಯಜಮಾನರು.

*

ಫೆಬ್ರವರಿ ೨೧

ತಮ್ಮಾ,

ಓನರಿಗೆ ಬಾಯಿ ಮುಚ್ಚಿಕೊಂಡಿರಲು ಹೇಳಿದ್ದೆ.

ನೀನು ಏನು ಬೇಕಾದರೂ ಅಂದುಕೋ. ವಾರಕ್ಕೆ ಎರಡು ಸಲ ಎಂದರೆ ನನ್ನ ಅನುಮಾನ ಸರಿಯಾಗಿಯೇ ಇತ್ತು. ಇಲ್ಲಿಗೆ ಬರಬೇಕಾಗುತ್ತದೆ ಎಂದು ಗೊತ್ತಾದ ಕೂಡಲೇ ಅವನ ಜೊತೆ ಹೆಚ್ಚು ಓಡಾಡುತ್ತಿದ್ದಾಳೆ.

ಭಾವನಿಗೆ ಕೆಲಸ ದೂರದ ಊರಿನಲ್ಲಿ, ಶನಿವಾರ ಬಂದು ಸೋಮವಾರ ಹೋಗುತ್ತಾರೆ. ಮನೆ ಬಹಳ ನಿಶ್ಶಬ್ದವಾಗಿದೆ. ಈ ಕೋಣೆಯ ಸೂರಿನಲ್ಲಿ ಒಂದು ಬಿರುಕಿದೆ, ನಿಮ್ಮ ಕಡಲ ದಾರಿಯ ಹಾಗೆ ಅಂಕುಡೊಂಕು. ಅದರಲ್ಲಿ ಮೂವತ್ತೊಂದು ತಿರುವು ಎಣಿಸಲು ನೋಡಿದೆ. ಇಪ್ಪತ್ತಾರಕ್ಕೆ ಗೋಡೆ ಬಂತು.

ಎಷ್ಟು ಉಳಿದಿವೆ ಅವಳಿಗೆ?

ಅಕ್ಕ

*

ಫೆಬ್ರವರಿ ೨೮

ಅಕ್ಕಾ,

ಇಲಾಖೆ ನಿನ್ನೆ ಬೆಳಿಗ್ಗೆ ಹತ್ತು ಗಂಟೆಗೆ ಮುಚ್ಚಿಹೋಯಿತು. ಹೇಗೆಂದು ಬರೆಯುತ್ತೇನೆ. ಪೂರ್ತಿ ಓದು, ನಡುವೆ ಕೋಪ ಬಂದರೂ ಕಾಗದ ಹರಿಯಬೇಡ.

ನಿನ್ನೆ ಬಸ್ಸಿನಲ್ಲಿ ಜನ ಹೆಚ್ಚು. ನಿಂತು ನಿಂತು ಕೊನೆಗೆ ಜಾಗ ಸಿಕ್ಕದ್ದು ಮಫ್ಲರಿನವನ ಸರಿಯಾಗಿ ಹಿಂದೆ. ನಾನು ಟೋಪಿ ಮೂಗಿನವರೆಗೆ ಎಳೆದುಕೊಂಡು ಕುಳಿತೆ. ಸೆಕೆ ಜಾಸ್ತಿಯಾಗಿ ಆತ ಮಫ್ಲರು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. ಕುತ್ತಿಗೆ ಕಂಡಿತು. ಎರಡು ದಪ್ಪ ಮಡಿಕೆ, ನಡುವೆ ಕರಿ ಮಚ್ಚೆ, ಹಾಸಿಗೆಯ ಸಂದಿಯಲ್ಲಿ ಸಿಕ್ಕಿಕೊಂಡ ಗುಂಡಿಯ ಹಾಗೆ.

ಆ ಕುತ್ತಿಗೆ ನನಗೆ ಗೊತ್ತು ಅಕ್ಕಾ. ಮುಖ ಗೊತ್ತಿಲ್ಲ. ಶಾಲೆಗೆ ರಜೆ ಬಂದರೆ ಅಮ್ಮ ನನ್ನನ್ನು ಬಸ್ಸಿನಲ್ಲಿ ಕೂರಿಸಿಕೊಳ್ಳುತ್ತಿದ್ದಳಲ್ಲ, "ಡ್ರೈವರಿಗೆ ತೊಂದರೆ ಕೊಡಬೇಡ, ಹಿಂದೆ ನಿಂತ್ಕೋ" ಎನ್ನುತ್ತಿದ್ದಳು. ದಿನವಿಡೀ ನಾನು ನೋಡುತ್ತಿದ್ದದ್ದು ಆ ಎರಡು ಮಡಿಕೆ, ಆ ಮಚ್ಚೆ. ನೀನು ಕುಡುಕ ಎಂದು ಬರೆದೆಯಲ್ಲ, ಆ ಡ್ರೈವರ್.

ಅಷ್ಟರಲ್ಲಿ ಇಪ್ಪತ್ತಾರನೇ ಸ್ಟಾಪು ಬಂತು, ದೋಣಿ ರಿಪೇರಿ ಶೆಡ್ಡು. ಅಮ್ಮ ಎದ್ದು ನಿಂತು, "ಯಾರ್ರೀ ಇಳಿಯೋರು?" ಎಂದಳು. ಆಮೇಲೆ ನನ್ನ ಟೋಪಿಯ ಕಡೆ ತಿರುಗಿ, "ಮೂರು ಜನ" ಎಂದಳು.

ಇಳಿದೆ. ಇನ್ನೇನು ಮಾಡಲಿ?

"ಮೀಸೆ ಎಲ್ಲೋ?" ಎಂದಳು.

"ಯಾವ ಮೀಸೆ?"

"ನೇರಳೆ ಮೀಸೆ. ಜನವರೀದು."

"ಅವತ್ತೇ ಗೊತ್ತಾಯ್ತಾ?"

"ತುಂಬಿದ ಬಸ್ಸಲ್ಲಿ ಟಿಕೆಟ್ ತಗೊಂಡ ತಲೆ ಯಾವ್ದು, ತಗೊಳ್ದಿರೋ ತಲೆ ಯಾವ್ದು ಅಂತ ಹಿಂದಿನಿಂದ ನೋಡಿ ಹೇಳ್ತಿದ್ದೆ. ನಾನು ಹೆತ್ತ ತಲೆ ಗೊತ್ತಾಗಲ್ವೇನೋ?"

ಡ್ರೈವರ್ ಮಾಮ ಆಗ ಮೊದಲ ಸಲ ನನ್ನ ಕಡೆ ತಿರುಗಿದರು. ಮುಖ ಎಷ್ಟು ಸಾದಾ ಎಂದರೆ ನನಗೆ ನಿರಾಸೆಯಾಯಿತು. "ಓಹೋ, ಸೀಟಿ ಸಾಹೇಬ್ರು ಬೆಳೆದಿದಾರೆ!" ಎಂದರು.

ಅಕ್ಕಾ, ಈಗ ಹೇಳಬೇಕಾದದ್ದನ್ನು ಹದಿನೈದು ವರ್ಷದಿಂದ ಹೇಳಿಲ್ಲ. ಆ ದಿನ ಮುರಿದ ಜೆಟ್ಟಿಯಲ್ಲಿ ಒಬ್ಬ ಮುದುಕಿಯ ಗಂಟನ್ನು ಇಳಿಸಿಕೊಡಲು ಅಮ್ಮ ಕೆಳಗಿಳಿದಿದ್ದಳು. ಅವಳ ಚೀಲದಲ್ಲಿ ಇನ್ನೊಂದು ಸೀಟಿ ಇತ್ತು. ನಾನು ತೆಗೆದು ಊದಿದೆ. ಎರಡು ಸಲ, ಅಮ್ಮ ಊದುವ ಹಾಗೇ, ಗಂಭೀರವಾಗಿ. ಬಸ್ಸು ಹೊರಟೇಬಿಟ್ಟಿತು! ಅಷ್ಟು ದೊಡ್ಡ ವಸ್ತು ನಾನು ಊದಿದ ಸೀಟಿಗೆ ಅಲುಗಾಡಿತಲ್ಲ ಎಂದು ಖುಷಿಯಾಯಿತು. ಅಮ್ಮ ಇಲ್ಲ ಎಂದು ಯಾರೋ ಕೂಗಿದಾಗ ಸೀಟಿ ಚೀಲಕ್ಕೆ ಹಾಕಿ ಅಳತೊಡಗಿದೆ. ಅತ್ತವನನ್ನು ಯಾರು ಅನುಮಾನಿಸುತ್ತಾರೆ? ಮುಂದೆ ತಿರುಗಿಸಲು ಜಾಗ ಸಿಕ್ಕು ಬಸ್ಸು ವಾಪಸ್ಸು ಬರಲು ಇಪ್ಪತ್ತು ನಿಮಿಷ. ವಿಚಾರಣೆಯಾಯಿತು. ಮಾಮನಿಗೆ ಮೆಮೋ ಕೊಟ್ಟು ಕಡಲ ದಾರಿಯಿಂದ ತೆಗೆದು ಗಣಿಯ ದಾರಿಗೆ ಹಾಕಿದರು, ನಿವೃತ್ತಿಯವರೆಗೂ.

ಮರಳಿನಲ್ಲಿ ನಿಂತು ಇದೆಲ್ಲ ಒದರಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು.

"ಅವತ್ತೇ ಗೊತ್ತು ಕಣೋ. ಚೀಲ ತೆಗೆದ್ರೆ ಸೀಟಿ ಒದ್ದೆ ಇತ್ತು" ಎಂದಳು ಅಮ್ಮ. "ಮಾರನೇ ದಿನ ಇವ್ರಿಗೆ ಹೇಳ್ದೆ. 'ಮಗೂ ಹೆಸ್ರು ಫೈಲಿಗೆ ಬೇಡ ಬಿಡಿ ಕಂಡಕ್ಟರಮ್ಮ, ಚೀಲ ಯಾಕೆ ಬಿಟ್ರಿ ಅಂತ ನಿಮ್ಮ ಕೆಲಸಕ್ಕೂ ಕುತ್ತು ಬರತ್ತೆ. ಸೀಟಿ ಕೇಳಿದ ಹಾಗಾಯ್ತು ಅಂತೀನಿ' ಅಂದ್ರು. ಅದಕ್ಕೆ ಕುಡಿದಿದ್ದ ಅಂತ ಊರೆಲ್ಲ ಮಾತಾಡ್ತು."

"ನಾನು ಟೀ ಕೂಡ ಕುಡಿಯಲ್ಲ" ಎಂದರು ಮಾಮ.

ನನ್ನ ಕಣ್ಣು ಉರಿಯಿತು. ಉಪ್ಪುಗಾಳಿ ಎಂದು ಕಡತದಲ್ಲಿ ನಮೂದಿಸಿಕೋ.

ಅಮ್ಮ ಮುಂದುವರಿಸಿದಳು. "ಆ ಇಪ್ಪತ್ತು ನಿಮಿಷ ಜೆಟ್ಟಿ ತುದೀಲಿ ಕೂತಿದ್ದೆ. ಹೆದ್ರಿಕೆ ಇತ್ತು, ನೀನು ಬಸ್ಸಲ್ಲಿದ್ದೆ. ಆದ್ರೂ ಹೇಳ್ತೀನಿ, ಅಷ್ಟು ಚೆನ್ನಾಗಿ ಯಾವತ್ತೂ ಕೂತಿರ್ಲಿಲ್ಲ. ಅಷ್ಟು ವರ್ಷ ಆ ಸ್ಟಾಪಿನ ಹೆಸ್ರು ಕೂಗಿದೀನಿ, ಜನ ಇಳಿದು ಎಲ್ಲಿಗೆ ಹೋಗ್ತಾರೆ ಅಂತ ಆಗ ನೋಡಿದ್ದು. ನಿವೃತ್ತಿ ಆದ್ಮೇಲೆ ಎಲ್ಲಾ ಸ್ಟಾಪಲ್ಲೂ ಇಳೀತೀನಿ ಅಂತ ಅವತ್ತೇ ಅಂದ್ಕೊಂಡೆ. ಇವ್ರೂ ಅಷ್ಟೇ. ರಸ್ತೆ ಬಿಟ್ಟು ಕಣ್ಣು ಎತ್ತಿದವರಲ್ಲ. ಐಸ್ ಕಾರ್ಖಾನೆ ಹತ್ರ ಮನೆ ಅಂತ ಗೊತ್ತಿತ್ತು, ಹೋಗಿ ಕರೆದೆ."

"ನಮಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ನಗ್ತಿದ್ದೆ, ಅವಳು ಬೈತಿದ್ಲು. ಎಲ್ಲಿ, ಅವಳ ಕಾಗದ ತೆಗಿ. ಅಂಗಿ ಜೇಬಲ್ಲೇ ಇಟ್ಕೊಂಡು ಓಡಾಡ್ತೀಯ."

ಕೊಟ್ಟೆ. ಕೊಡದಿದ್ದರೆ ಅಲ್ಲೇ ಇಳಿಸಿ ಹೋಗುತ್ತಿದ್ದಳು. ನೀನು 'ಯಾರವನು?' ಎಂದು ಕೇಳಿದ್ದನ್ನು ಓದಿ ಅಮ್ಮ ಮಾಮನಿಗೆ ತೋರಿಸಿದಳು. ಮಾಮ, "ಪ್ರೇಮಾನಾ! ನಂಗಾ! ಮೊಣಕಾಲು ಬಿಡ್ಬೇಕಲ್ಲ" ಎಂದು ಬೊಕ್ಕಬಾಯಿ ತೆರೆದು ನಕ್ಕರು. ಅಮ್ಮನೂ ನಕ್ಕಳು. ಆಮೇಲೆ ಫೆಬ್ರವರಿಯ ಎರಡು ಕಾಗದ ಮತ್ತೆ ಕೈಗೆತ್ತಿಕೊಂಡವಳು ನಗು ನಿಲ್ಲಿಸಿದಳು. ಈ ಸಲ ಓದಲಿಲ್ಲ. ಓರೆ ಮಾಡಿ ಬೆಳಕಿಗೆ ಹಿಡಿದಳು, ಹಿಂದೆ ಬೆರಳಾಡಿಸಿದಳು.

"ಪೆನ್ಸಿಲು ಯಾವಾಗಿಂದ?"

"ಈ ತಿಂಗಳಿಂದ. ಪೆನ್ನು ಸಿಗ್ಲಿಲ್ವಂತೆ."

"ಲೋ, ತುಂಬಿದ ಬಸ್ಸಲ್ಲಿ ಕೈ ಆಡಿಸಕ್ಕೆ ಜಾಗ ಇಲ್ದೆ ಹಾಳೆ ತಲೆ ಮೇಲೆ ಹಿಡ್ಕೊಂಡು ಬರೀತಿದ್ದೆ. ಪೆನ್ನು ಮೇಲ್ಮುಖ ಹಿಡಿದ್ರೆ ಎರಡು ಸಾಲಿಗೆ ನಿಂತೋಗತ್ತೆ. ಅದಕ್ಕೇ ನನ್ನ ಜೇಬಲ್ಲಿ ಯಾವಾಗ್ಲೂ ಪೆನ್ಸಿಲು. ಇವ್ಳು ಮಲಗಿಕೊಂಡು ಬರೀತಿದಾಳೆ. ಒಂದು ದಿನ ಅಲ್ಲ, ಮೂರು ವಾರ. ಸೂರು ನೋಡ್ಕೊಂಡು ಬಿರುಕು ಎಣಿಸ್ತಿದಾಳೆ."

ನಾನು ನಾಲ್ಕು ಸಲ ಓದಿದ್ದೆ ಅಕ್ಕಾ. ಬಿರುಕಿನ ಸಾಲನ್ನೂ ಓದಿದ್ದೆ.

"ಬಾ ಅಂತ ಬಾಯಿಬಿಟ್ಟು ಹೇಳಲ್ಲ. ಮನೆ ಖಾಲಿ ಮಾಡಿಸ್ತಾಳೆ, ನಿನ್ನ ಕೈಲಿ ಕಾವಲು ಹಾಕಿಸ್ತಾಳೆ, ಮಫ್ಲರು ಯಾರದು ಅಂತಾಳೆ. ಟಿಕೆಟ್ ಇಲ್ದೋರು ಹೀಗೇ. ಹತ್ರ ಹೋದ್ರೆ ಸಾಕು, ಕಿಟಕಿ ಹೊರಗೆ ಏನೋ ಭಾರಿ ನಡೀತಿರೋ ಹಾಗೆ ನೋಡ್ತಿರ್ತಾರೆ."

ಇಪ್ಪತ್ತೇಳರವರೆಗೆ ಬೇಗ ಬೇಗ ನಡೆದಳು. ಕುಳಿತುಕೊಳ್ಳಲಿಲ್ಲ. ಬಸ್ಸು ಬಂದಾಗ ಮಾಮ, "ನಾಲ್ಕೇ ಉಳಿದಿರೋದು ಕಂಡಕ್ಟರಮ್ಮ, ಮುಗಿಸ್ಕೊಂಡು ಹೋಗಿ. ಎರಡು ಸಲ ಬಂದ್ರೆ ಆಗೋಯ್ತು" ಎಂದರು.

"ನಡುವೆ ಇಳಿಯೋರು ಇದ್ರೆ ನಿಲ್ಲಿಸ್ಬೇಕು ಡ್ರೈವರ್ರೇ" ಎಂದಳು ಅಮ್ಮ.

ಮಂಗಳವಾರ ಬೆಳಿಗ್ಗೆ ಹೊರಡುತ್ತಾಳೆ. ಸಂಜೆ ನಿನ್ನ ಬಾಗಿಲಲ್ಲಿರುತ್ತಾಳೆ. ಎದ್ದು ಬಾಗಿಲು ತೆಗೆಯಬೇಡ, ಬೀಗದ ಕೈ ಪಕ್ಕದ ಮನೆಯಲ್ಲಿ ಕೊಟ್ಟಿರು.

ನಿನಗೆ ಏನಾಗಿದೆ ಅಕ್ಕಾ? ಕೈ ನಡುಗುತ್ತದೆ ಎಂದು ಬರೆದೆನಲ್ಲ, ಅದನ್ನು ಹೊಡೆದುಹಾಕು.

ತಮ್ಮ

*

ಮಾರ್ಚ್ ೧೦

ಕಪಿ,

ಮಂಗಳವಾರ ಸಂಜೆ ಬೀದಿಯಲ್ಲಿ ಸೀಟಿ ಕೇಳಿಸಿತು. ಎರಡು ಸಲ. ಇಡೀ ಬೀದಿಯ ಜನ ಬಾಗಿಲಿಗೆ ಬಂದರಂತೆ. ನಾನು ಮಲಗಿದ್ದಲ್ಲೇ ಅಳತೊಡಗಿದೆ.

ಒಳಗೆ ಬಂದು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ಏನೂ ಕೇಳಲಿಲ್ಲ. "ಸ್ವಲ್ಪ ಒಳಗೆ ಸರೀರಿ, ಜಾಗ ಇದೆ" ಎಂದು ನನ್ನನ್ನು ಗೋಡೆಯ ಕಡೆ ತಳ್ಳಿ ಪಕ್ಕದಲ್ಲಿ ಕುಳಿತುಬಿಟ್ಟಳು.

ನಿನಗೂ ಹೇಳುತ್ತೇನೆ. ಐದನೇ ತಿಂಗಳು. ಜನವರಿ ಕೊನೆಯಿಂದ ಹಾಸಿಗೆ ಬಿಟ್ಟು ಏಳಬಾರದು ಎಂದಿದ್ದಾರೆ. ಹಿಂದೆ ಎರಡು ಸಲ ಅಮ್ಮನಿಗೆ ಮೊದಲೇ ಹೇಳಿದ್ದೆ. ಎರಡು ಸಲವೂ ಉಳಿಯಲಿಲ್ಲ. ಎರಡು ಸಲವೂ ಅವಳು ಫೋನಿನಲ್ಲಿ "ಪರ್ವಾಗಿಲ್ಲ ಬಿಡು" ಎಂದ ದನಿ ಇನ್ನೂ ಕಿವಿಯಲ್ಲಿದೆ. ಈ ಸಲ ಹೇಳುವುದಿಲ್ಲ, ಸುಮ್ಮನೆ ಕರೆಸಿಕೊಳ್ಳುತ್ತೇನೆ ಎಂದುಕೊಂಡೆ. ನನಗೆ ನೀನು ಬೇಕು ಎನ್ನುವುದಕ್ಕಿಂತ ನಿನಗೆ ನಾನು ಬೇಕು ಎನ್ನುವುದು ಸುಲಭ. ಮಫ್ಲರು ಸಿಕ್ಕಿತು, ಹಿಡಿದುಕೊಂಡೆ. ಡ್ರೈವರ್ ಮಾಮನಿಗೆ ಬೇರೆ ಕಾಗದ ಬರೆದಿದ್ದೇನೆ. ಕುಡುಕ ಎಂದದ್ದಕ್ಕೆ.

ಅಮ್ಮ ದಿನಾ ಬೆಳಿಗ್ಗೆ ನನ್ನ ಹೊಟ್ಟೆಯ ಮುಂದೆ ಕುಳಿತು ಗದರಿಸುತ್ತಾಳೆ: "ನಿನ್ನ ಸ್ಟಾಪು ಜುಲೈ. ಅಲ್ಲಿವರೆಗೆ ಸೀಟು ಬಿಟ್ಟು ಏಳ್ಬಾರ್ದು. ಫುಟ್‌ಬೋರ್ಡ್ ಮೇಲಂತೂ ನಿಲ್ಲಲೇಬಾರ್ದು." ನಿನ್ನೆ ಪರೀಕ್ಷೆಗೆ ಬಂದ ಡಾಕ್ಟರು ಅದನ್ನು ಕೇಳಿ ನಕ್ಕು, "ಇವರು ಹೇಳಿದ ಹಾಗೇ ಮಾಡಿ" ಎಂದರು. ಎಲ್ಲ ಸರಿಯಾಗಿದೆಯಂತೆ. ಇವತ್ತಿನ ಮಟ್ಟಿಗೆ.

ಓನರಿಗೆ ಬರೆದಿದ್ದೇನೆ, ಮನೆ ಖಾಲಿ ಮಾಡುವುದಿಲ್ಲ. ಟೇಪು ಸುತ್ತಿಟ್ಟುಕೊಳ್ಳಲಿ. ಮಗುವಿಗೆ ಮೂರು ತಿಂಗಳಾದ ಮೇಲೆ ಅಮ್ಮ ವಾಪಸ್ಸು ಬರುತ್ತಾಳೆ. ಆದರೆ ಅವಳ ಪುಸ್ತಕ ತಲೆದಿಂಬಿನ ಕೆಳಗಿದೆ, ಮಧ್ಯಾಹ್ನ ಇಪ್ಪತ್ತೆಂಟನೇ ಅಂಕಿಯ ಪುಟ ತೆರೆದು ಖಾಲಿ ಜಾಗ ನೋಡುತ್ತಿರುತ್ತಾಳೆ. ಕೇಳಿದರೆ "ಏನಿಲ್ಲ" ಎನ್ನುತ್ತಾಳೆ. ನಾವಿಬ್ಬರೂ ಈ ವಿದ್ಯೆ ಎಲ್ಲಿಂದ ಕಲಿತೆವು ಎಂದು ಗೊತ್ತಾಯಿತು.

ನೀನೂ ಮಾಮನೂ ಉಳಿದ ನಾಲ್ಕು ಸ್ಟಾಪಿನಲ್ಲಿ ಇಳಿದು, ಏನಿದೆ ಎಂದು ಬರೆದು ಕಳಿಸಿ. ಅವಳಿಗೆ ಓದಿ ಹೇಳುತ್ತೇನೆ.

ಅಕ್ಕ

*

ಮಾರ್ಚ್ ೧೮

ಗೆ: ಮಾನ್ಯ ಅಕ್ಕನವರು. ಪ್ರತಿ: ಮಾನ್ಯ ಅಮ್ಮನವರು. ಪ್ರತಿ: ಜುಲೈ ಸ್ಟಾಪಿನ ಪ್ರಯಾಣಿಕರು
ಇಂದ: ಮಾತೃ ಚಲನವಲನ ಇಲಾಖೆ (ಮರುಸ್ಥಾಪಿತ, ಒಟ್ಟು ಸಿಬ್ಬಂದಿ: ಇಬ್ಬರು)
ವಿಷಯ: ಉಳಿದ ನಾಲ್ಕು ಸ್ಟಾಪುಗಳು

ಮಾನ್ಯರೇ,

ತಮ್ಮ ಆದೇಶದಂತೆ ನಿನ್ನೆ ಮಂಗಳವಾರ ಇಲಾಖೆಯು ಡ್ರೈವರ್ ಮಾಮನ ಸಮೇತ ಮೊದಲ ಬಸ್ಸಿಗೆ ಹೊರಟಿತು. ವೇಷವಿಲ್ಲ, ಮೀಸೆಯಿಲ್ಲ. ಇಪ್ಪತ್ತೇಳನೇ ಸ್ಟಾಪಿನಲ್ಲಿ ಮಾಮ ಇದ್ದಕ್ಕಿದ್ದಂತೆ ಎದ್ದು ಇಳಿದರು. ನಾನೂ ಇಳಿದೆ. ಅಲ್ಲೊಂದು ಕಟ್ಟೆಯಿದೆ, ಕಡಲಿಗೆ ಮುಖ ಮಾಡಿ. ಅದರ ಮೇಲೆ ಕುಳಿತರು. ಮಫ್ಲರು ಬಿಚ್ಚಿದರು. ನಾನು ಹಿಂದೆ ನಿಲ್ಲಲಿಲ್ಲ, ಪಕ್ಕದಲ್ಲಿ ಕುಳಿತೆ.

ಬಸ್ಸು ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು.

"ಮಾಮ, ಮುಂದಿನ ಸ್ಟಾಪಿಗೆ ನಡೆಯೋಣ್ವಾ? ಅಮ್ಮನಿಗೆ ಬರೆದು ಕಳಿಸ್ಬೇಕಂತೆ."

ಮಾಮ ತಲೆಯಲ್ಲಾಡಿಸಿದರು. "ಕಂಡಕ್ಟರ್ ಕೆಳಗಿರುವಾಗ ನಾನು ಗಾಡಿ ಎತ್ತಿದ್ದು ಒಂದೇ ಸಲ ಕಣಪ್ಪಾ. ಅದೂ ನಿನ್ನ ಮಾತು ಕೇಳಿ. ಇನ್ನೊಂದು ಸಲ ಎತ್ತಲ್ಲ."

ಆದ್ದರಿಂದ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಇಪ್ಪತ್ತೆಂಟರಿಂದ ಮೂವತ್ತೊಂದರವರೆಗಿನ ಪುಟಗಳನ್ನು ಖಾಲಿಯಾಗಿಯೇ ಇಡತಕ್ಕದ್ದು. ಬಸ್ಸು ಇಪ್ಪತ್ತೇಳರಲ್ಲಿ ನಿಂತಿದೆ. ಡ್ರೈವರ್ ಸೀಟಿನಲ್ಲಿದ್ದಾರೆ. ಸೀಟಿ ಕಂಡಕ್ಟರ್ ಹತ್ತಿರವೇ ಇದೆ, ಒದ್ದೆ ಮಾಡಲು ಈ ಕಡೆ ಯಾರ ಕೈಗೂ ಸಿಗುವುದಿಲ್ಲ.

ಪ್ರಯಾಣಿಕರು ಹತ್ತಿದ ಮೇಲೆ ಎರಡು ಸಲ ಊದುವುದು. ಕಾಯುತ್ತಿದ್ದೇವೆ.